ಮೇಷ್ಟ್ರು ಕೇಳಿದ್ದು ಒಂದೇ

ಒಂದು ವಿಶ್ವವಿದ್ಯಾಲಯದಲ್ಲಿ ತಿಪ್ಪೇರುದ್ರಪ್ಪ ಎಂಬ ಮೇಷ್ಟ್ರಿದ್ದರು. ಭೂವಿಜ್ಞಾನ ಕಲಿಸುತ್ತಿದ್ದರು. ಅಂದರೆ ಮಣ್ಣು, ಕಲ್ಲು, ನೆಲದಡಿಯ ನೀರು. ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. ಹೆಸರು ಹೇಳಿದರೆ ಅಲ್ಲಿಯವರಿಗೆ ಸಿಟ್ಟು ಬರುತ್ತದೆ, ಹೇಳದಿದ್ದರೆ ಎಲ್ಲರೂ ತಮ್ಮದೇ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.

ಮೇಷ್ಟ್ರ ಪಾಠವೆಲ್ಲ ಅವರ ಕೈಯಲ್ಲಿತ್ತು. ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಬಣ್ಣದ ಸೀಮೆಸುಣ್ಣ ಹಿಡಿದುಕೊಂಡು ಕ್ಲಾಸಿಗೆ ಬರೋರು. ಮೊದಲು ಒಂದು ಗೆರೆ. "ಇದು ನೀವು ನಿಂತಿರೋ ನೆಲ" ಅನ್ನೋರು. ಅದರ ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಪುಡಿಗಲ್ಲು, ಅದರ ಕೆಳಗೆ ಗಟ್ಟಿ ಬಂಡೆ. ಒಂದೊಂದೇ ಪದರ ಹುಡುಗರ ಕಣ್ಣೆದುರಿಗೆ ಇಳಿಯುತ್ತಾ ಹೋಗುತ್ತಿತ್ತು. ನಡುವೆ ಕೈ ನಿಲ್ಲಿಸಿ, "ಈಗ ಮಳೆ ಬಂತು ಅಂತಿಟ್ಕೊಳ್ಳಿ. ನೀರು ಎಲ್ಲಿಗೆ ಹೋಗುತ್ತೆ? ಬಂದು ತೋರಿಸ್ರೋ" ಅನ್ನೋರು. ಯಾರಾದರೂ ಎದ್ದು ಬಂದು ತಪ್ಪು ಗೆರೆ ಎಳೆಯೋರು, ಕ್ಲಾಸೆಲ್ಲ ಗೊಳ್ಳೆಂದು ನಗೋದು. ಗಂಟೆ ಹೊಡೆದ ಕೂಡಲೇ ಮೇಷ್ಟ್ರು ತಾವೇ ಬೋರ್ಡು ಪೂರ್ತಿ ಒರೆಸಿ ಹೊರಗೆ ಬರೋರು. ಮುಂದೆ ಬರುವ ಮೇಷ್ಟ್ರಿಗೆ ಚೊಕ್ಕ ಬೋರ್ಡು ಬಿಟ್ಟು ಹೋಗಬೇಕು ಅನ್ನೋದು ಅವರ ನೇಮ. ಮೂವತ್ತು ವರ್ಷದಲ್ಲಿ ಒಂದು ದಿನವೂ ಅದನ್ನು ತಪ್ಪಿಸಿದವರಲ್ಲ.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಅವರ ಪಕ್ಕದ ಕೋಣೆಯಲ್ಲಿ ಅದೇ ವಿಷಯ ಪಾಠ ಮಾಡುತ್ತಿದ್ದವನು ನಾನು. ಗೋಡೆಯಾಚೆಯ ಆ ನಗು ನನಗೆ ದಿನಾ ಕೇಳಿಸುತ್ತಿತ್ತು. ನನ್ನ ಕ್ಲಾಸಿನಲ್ಲಿ ಯಾರೂ ನಗುತ್ತಿರಲಿಲ್ಲ.

ಒಂದು ವರ್ಷ ಬೇಸಿಗೆ ರಜೆ ಮುಗಿಸಿ ಬಂದು ನೋಡುತ್ತೇವೆ, ಕರಿಹಲಗೆಗಳೇ ಇಲ್ಲ! ಅವುಗಳ ಜಾಗದಲ್ಲಿ ಕೋಣೆಗೊಂದರಂತೆ ದೊಡ್ಡ ಸ್ಮಾರ್ಟ್ ಬೋರ್ಡು. ನಮಗೆ ಅದನ್ನು ಕಲಿಸಲೆಂದು ಬೋಧಕರ ನೆರವು ಕೇಂದ್ರ ಅಂತ ಒಂದನ್ನು ತೆರೆದರು. ಅದರ ಉಸ್ತುವಾರಿಗೆ ಸುಹಾಸಿನಿ ಎಂಬಾಕೆ ಬಂದರು. ಚುರುಕಿನ ಹೆಣ್ಣುಮಗಳು. ಯಾರು ಕರೆದರೂ ಓಡಿ ಬರುತ್ತಿದ್ದರು, ಯಾರ ಮೇಲೂ ರೇಗುತ್ತಿರಲಿಲ್ಲ. ಈ ಕಥೆಯಲ್ಲಿ ಕೆಟ್ಟವರು ಅಂತ ಯಾರೂ ಇಲ್ಲ. ನನಗೆ ಬೇಜಾರು ಅದೇ.

ತರಬೇತಿ ನಡೆಯಿತು. ನಮ್ಮಲ್ಲಿ ತರಬೇತಿ ಅಂದರೆ ಗೊತ್ತಲ್ಲ? ಬೆಳಿಗ್ಗೆ ಒಂದು ಸಹಿ, ಹನ್ನೊಂದಕ್ಕೆ ಬೋಂಡಾ ಚಹಾ, ಊಟದ ಮೇಲೆ ಇನ್ನೊಂದು ಸಹಿ, ಸಂಜೆಗೆ ಪ್ರಮಾಣಪತ್ರ. 'ಅರ್ಥವಾಗಲಿಲ್ಲ' ಅನ್ನೋ ಮಾತು ಮಾತ್ರ ಯಾರ ಬಾಯಿಂದಲೂ ಬರಕೂಡದು. ಎಲ್ಲರೂ ಡಾಕ್ಟರೇಟು ಪಡೆದವರು ನೋಡಿ, ಮರ್ಯಾದೆ ಏನಾಗಬೇಕು! ಅಂಥದ್ದರಲ್ಲಿ ತಿಪ್ಪೇರುದ್ರಪ್ಪನವರು ಕೈ ಎತ್ತಿದರು.

"ನನ್ನದೊಂದು ಪ್ರಶ್ನೆ ಇತ್ತಮ್ಮಾ."

"ಪ್ರಶ್ನೆ ಎಲ್ಲ ಕೊನೆಗೆ ತಗೊಳ್ಳೋಣ ಸಾರ್" ಅಂದರು ಸುಹಾಸಿನಿ.

ಕೊನೆ ಬರುವ ಹೊತ್ತಿಗೆ ಎಲ್ಲರೂ ಬಸ್ಸಿನ ಸಮಯ ನೋಡುತ್ತಿದ್ದರು. ಸಹಿ ಹಾಕಿ ಎದ್ದೆವು.

ಮಾರನೇ ದಿನ ಮೇಷ್ಟ್ರು ಸುಹಾಸಿನಿಯವರ ಕೋಣೆಗೇ ಹೋದರು. "ಅಮ್ಮಾ, ಈ ಬೋರ್ಡಿನ ಮೇಲೆ ಕೈಯಿಂದ ಬರೆಯೋಕೆ ಬರುತ್ತಾ?" ಅಂತ ಕೇಳಿದರು.

"ಅಯ್ಯೋ, ನೀವು ಬರೆಯೋ ತಾಪತ್ರಯವೇ ಬೇಡ ಸಾರ್! ಕೊಡಿ ಇಲ್ಲಿ, ನಾನೇ ಮಾಡಿಕೊಡ್ತೀನಿ." ತೋರಿಸಲೆಂದು ಮೇಷ್ಟ್ರು ಹಿಡಿದಿದ್ದ ಕಂಪ್ಯೂಟರಿನ ಮೌಸನ್ನು ಆಕೆ ತೆಗೆದುಕೊಂಡರು. ಎರಡು ದಿನದಲ್ಲಿ ಅರವತ್ತು ಸ್ಲೈಡು ತಯಾರಾದವು. ಬಣ್ಣಬಣ್ಣದ ಚಿತ್ರ, ದಪ್ಪ ಅಕ್ಷರ. ತುಂಬಾ ಚೆನ್ನಾಗಿದ್ದವು, ಸುಳ್ಳು ಹೇಳಬಾರದು.

ಒಂದು ವಾರ ಬಿಟ್ಟು ಮೇಷ್ಟ್ರು ಮತ್ತೆ ಹೋದರು. "ಚಿತ್ರ ಚೆನ್ನಾಗಿದೆಯಮ್ಮಾ. ಆದರೆ ಅದು ಮೊದಲೇ ಮುಗಿದುಬಿಟ್ಟಿದೆ. ನನ್ನದು ಹುಡುಗರ ಮುಂದೆ ಬೆಳೀಬೇಕು."

"ಅಷ್ಟೇನಾ ಸಾರ್? ಪದರಗಳು ಒಂದೊಂದೇ ಬಂದು ಕೂರೋ ಹಾಗೆ ಮಾಡ್ತೀನಿ, ಬಿಡಿ." ಮತ್ತೆ ಮೌಸು ಆಕೆಯ ಕೈಗೇ ಹೋಯಿತು.

ಮೂರನೇ ಸಲ ಹೋದಾಗ ಸುಹಾಸಿನಿ ಫೋನಿನಲ್ಲಿದ್ದರು. ಎರಡು ನಿಮಿಷ ಅಂತ ಬೆರಳು ತೋರಿಸಿದರು. ಮೇಷ್ಟ್ರು ಬಾಗಿಲಲ್ಲಿ ಹತ್ತು ನಿಮಿಷ ನಿಂತು ವಾಪಸು ಬಂದರು. ಆಮೇಲೆ ಹೋಗಲಿಲ್ಲ. ಮೇಷ್ಟ್ರು ಬರುವುದು ನಿಂತಿತಲ್ಲ, ಪಾಪ ಕಲಿತುಬಿಟ್ಟರು ಅಂತ ಆಕೆ ಖುಷಿಪಟ್ಟರು. ತರಬೇತಿ ನೂರಕ್ಕೆ ನೂರು ಯಶಸ್ವಿ ಅಂತ ವರದಿ ಬರೆದರು.

ಪಕ್ಕದ ಕೋಣೆಯ ನಗು ನಿಂತುಹೋಯಿತು. ಮೇಷ್ಟ್ರು ಸ್ಲೈಡು ಓದುತ್ತಿದ್ದ ದನಿ ಮಾತ್ರ ಒಂದೇ ಸಮನೆ ಕೇಳುತ್ತಿತ್ತು. ಎರಡು ವರ್ಷ ಹಾಗೇ ಕಳೆಯಿತು. ಆ ಬೋರ್ಡಿನಲ್ಲಿ ಬರೆಯುವ ಪೆನ್ನಿನ ಗುರುತು ಕೆಳಗಿನ ಎಡಮೂಲೆಯಲ್ಲಿದೆ ಅಂತ ನನಗೆ ಗೊತ್ತಿತ್ತು. ಸುಮ್ಮನೆ ಒತ್ತಿ ನೋಡುತ್ತಾ ಕಂಡುಕೊಂಡಿದ್ದೆ. ಹೇಳಲಿಲ್ಲ. ಅವರು ನನ್ನನ್ನು ಕೇಳಲಿಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಗೋಡೆಯಾಚೆ ನಗು ನಿಂತದ್ದು ನನಗೆ ಹಿತವಾಗಿತ್ತು. ಥೂ! ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಒಂದು ದಿನ ಸುಹಾಸಿನಿ ವರದಿಗೆ ಫೋಟೋ ಬೇಕೆಂದು ಮೇಷ್ಟ್ರ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಪರೀಕ್ಷೆಗೆ ಮುಂಚಿನ ಕೊನೆಯ ಪಾಠ ಅದು. ಅಂದು ಆದದ್ದನ್ನೂ ಮುಂದೆ ಆದದ್ದನ್ನೂ ಆಕೆಯೇ ನನಗೆ ಹೇಳಿದರು.

ರುಕ್ಸಾನಾ ಎಂಬ ಹುಡುಗಿ ಎದ್ದು ನಿಂತಳಂತೆ. "ಸಾರ್, ನಮ್ಮ ಓಣೀಲಿ ಪಕ್ಕದ ಮನೆಯವರ ಬೋರ್‌ವೆಲ್ಲಲ್ಲಿ ಭರ್ತಿ ನೀರು. ನಮ್ಮಪ್ಪ ಎರಡು ಸಲ ಕೊರೆಸಿದ್ರು, ಒಂದು ಹನಿ ಬರಲಿಲ್ಲ. ನಡುವೆ ಇರೋದು ಇಪ್ಪತ್ತೇ ಅಡಿ. ಹೆಂಗೆ ಸಾರ್?"

ಮೇಷ್ಟ್ರ ಮುಖ ಅರಳಿತು. "ಭಲೇ! ಒಳ್ಳೇ ಪ್ರಶ್ನೆ ಕಣಮ್ಮಾ" ಅಂದು ಬೋರ್ಡಿನ ಕಡೆ ತಿರುಗಿ, ಬೆರಳಿನಿಂದ ಒಂದು ಗೆರೆ ಎಳೆದರು. ಸ್ಲೈಡು ಮುಂದಕ್ಕೆ ಓಡಿತು. ಮತ್ತೆ ಎಳೆದರು. ಹಿಂದಕ್ಕೆ ಓಡಿತು. ಯಾರೋ ಕಿಸಕ್ಕನೆ ನಕ್ಕರು. ಇದು ಹಳೆಯ ನಗುವಲ್ಲ. ಮೇಷ್ಟ್ರು ಕೈ ಕೆಳಗಿಳಿಸಿದರು.

"ಅದು ಮೂವತ್ತೆರಡನೇ ಸ್ಲೈಡಿನಲ್ಲಿದೆ, ಓದಿಕೊಳ್ಳಮ್ಮಾ."

ಮೂವತ್ತೆರಡನೇ ಸ್ಲೈಡಿನಲ್ಲಿ ಅದು ಇರಲಿಲ್ಲ. ಸ್ಲೈಡು ಮಾಡಿದ ಸುಹಾಸಿನಿಗೆ ಅದು ಚೆನ್ನಾಗಿ ಗೊತ್ತಿತ್ತು. 'ಕೈಯಿಂದ ಬರೆಯೋಕೆ ಬರುತ್ತಾ' ಅಂತ ಮೇಷ್ಟ್ರು ಕೇಳಿದ ಮಾತು ಆಕೆಗೆ ನೆನಪಾದದ್ದು ಆಗಲೇ. ಫೋಟೋ ತೆಗೆಯದೆ ಎದ್ದು ಬಂದರು.

ಆ ತಿಂಗಳ ಕೊನೆಗೆ ಮೇಷ್ಟ್ರ ನಿವೃತ್ತಿ. ಕೀಲಿ ಒಪ್ಪಿಸಲು ಬಂದವರನ್ನು ಸುಹಾಸಿನಿ ಕೈ ಮುಗಿದು ಖಾಲಿ ಕ್ಲಾಸಿಗೆ ಕರೆದುಕೊಂಡು ಹೋದರು. ಹುಡುಗರೆಲ್ಲ ಪರೀಕ್ಷೆಗೆ ಓದಲು ಊರಿಗೆ ಹೋಗಿದ್ದರು.

"ಸಾರ್, ಈ ಮೂಲೇಲಿ ಒತ್ತಿ. ಪೆನ್ನು. ಇಲ್ಲಿ ಬಣ್ಣ. ಇಲ್ಲಿ ಒತ್ತಿದರೆ ಎಲ್ಲ ಅಳಿಸುತ್ತೆ." ಈ ಸಲ ಆಕೆ ತಮ್ಮ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತರು.

ಮೇಷ್ಟ್ರು ಒತ್ತಿದರು. ಗೆರೆ ಮೂಡಿತು. ಅದನ್ನೇ ನೋಡುತ್ತಾ ನಿಂತರು.

"ಇಷ್ಟೇನಾ ಅಮ್ಮಾ?"

ಸುಹಾಸಿನಿ ಮುಂದಿನ ಬೆಂಚಿನಲ್ಲಿ ಹೋಗಿ ಕೂತರು.

ಮೇಷ್ಟ್ರು ಬಯ್ಯಲಿಲ್ಲ. ಮೊದಲು ನೆಲದ ಗೆರೆ ಎಳೆದರು. ಮಣ್ಣು, ಪುಡಿಗಲ್ಲು, ಗಟ್ಟಿ ಬಂಡೆ. ಬಂಡೆಯೊಳಗೆ ನೀಲಿ ಬಣ್ಣದಲ್ಲಿ ಓರೆಯಾಗಿ ಒಂದು ಬಿರುಕು. "ಇದು ಆ ಹುಡುಗಿಯ ಮನೆ. ಇದು ಪಕ್ಕದವರದು. ನೀರು ಬಂಡೇಲಿ ಇರಲ್ಲ, ಬಂಡೆಯ ಬಿರುಕಲ್ಲಿ ಇರುತ್ತೆ. ಪಕ್ಕದವರ ಕೊಳವೆ ಬಿರುಕಿಗೆ ತಾಗಿತು, ಅವಳಪ್ಪನದು ಪಕ್ಕಕ್ಕೆ ಇಳಿದುಹೋಯಿತು. ಈಗ ಹೇಳು, ಅವಳಪ್ಪ ಎಲ್ಲಿ ಕೊರೆಸಬೇಕಿತ್ತು?" ಖಾಲಿ ಬೆಂಚುಗಳ ಕಡೆ ತಿರುಗಿ ಕೇಳಿದರು. ಅರ್ಧ ಗಂಟೆ ಪಾಠ ಮಾಡಿದರು. ಕಲ್ಲಿನ ವಿದ್ಯೆ ಒಂದಕ್ಷರ ಓದದ ಸುಹಾಸಿನಿಗೆ ಎಲ್ಲವೂ ತಿಳಿಯಿತು.

ಗಂಟೆ ಹೊಡೆಯಿತು. ಇದನ್ನು ರುಕ್ಸಾನಾಗೆ ಕಳಿಸಬೇಕು ಅಂತ ಆಕೆ ಚೀಲದಲ್ಲಿ ಫೋನಿಗಾಗಿ ತಡಕಾಡಿದರು. ತಲೆ ಎತ್ತುವಷ್ಟರಲ್ಲಿ ಬೋರ್ಡು ಬೆಳ್ಳಗಿತ್ತು.

"ಸಾರ್! ಯಾಕೆ ಅಳಿಸಿದಿರಿ?"

"ಮುಂದೆ ಬರೋರಿಗೆ ಬೇಕಲ್ಲಮ್ಮಾ" ಅಂದರು ಮೇಷ್ಟ್ರು. ಕೀಲಿಗೊಂಚಲನ್ನು ಆಕೆಯ ಕೈಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಒಂದು ದಿನದ ಮಟ್ಟಿಗೆ ಬಂದು ಹುಡುಗರಿಗೆ ಅದೇ ಚಿತ್ರ ಬರೆದು ತೋರಿಸಿ ಅಂತ ಸುಹಾಸಿನಿ ಎಷ್ಟೋ ಸಲ ಫೋನು ಮಾಡಿದರು. "ಬೇರೆಯವರ ಕ್ಲಾಸಿಗೆ ನಾನು ನುಗ್ಗೋದು ಸರಿಯಲ್ಲಮ್ಮಾ" ಅಂದರು ಅವರು. ಆ ಕ್ಲಾಸು ಈಗ ನನ್ನದು. ರುಕ್ಸಾನಾಗೆ ಉತ್ತರವನ್ನು ನಾನೇ ಬಾಯಲ್ಲಿ ಹೇಳಿದೆ. ಹೂಂ ಸಾರ್ ಅಂತ ತಲೆ ಆಡಿಸಿದಳು. ಅವಳಿಗೆ ಅರ್ಥವಾಗಲಿಲ್ಲ ಅಂತ ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಪೆನ್ನು ಎಲ್ಲಿದೆ ಅಂತ ನನಗೆ ಗೊತ್ತು. ಚಿತ್ರ ಬರೆಯಲು ಬರುವುದಿಲ್ಲ.

ನೀತಿ: ಒಬ್ಬರಿಗೆ ಕಲಿಸಲು ಹೊರಟವರು, ಅವರಿಗೆ ಏನು ಬೇಕಾಗಿದೆ ಎಂದು ಮೊದಲು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರಬೇಕು. ಅವರ ಕೈಯ ಕೆಲಸವನ್ನು ಕಿತ್ತು ಮಾಡಿಕೊಡುವುದು ಸಹಾಯವಲ್ಲ. ಗೊತ್ತಿದ್ದೂ ಹೇಳದೆ ಕೂತವನದು ಇನ್ನೂ ದೊಡ್ಡ ತಪ್ಪು. ಅರ್ಧ ನಿಮಿಷದ ಮಾತನ್ನು ಎರಡು ವರ್ಷ ಹೇಳದೆ ಇದ್ದರೆ, ಆಮೇಲೆ ಹೇಳಿದರೂ ಎದುರಿಗೆ ಖಾಲಿ ಬೆಂಚುಗಳೇ ಇರುತ್ತವೆ.