ಸತುವಿನ ಮಣೆ

ಜನ ತಿನ್ನುವ ಕಡಲಪಾಚಿಯೊಂದರ ಒಳಗೆ, ಅದನ್ನು ಬೆಳೆಸುವ ಕಿಣ್ವವೊಂದಿತ್ತು. ಸತು ಎಂಬ ಲೋಹ ಬಂದು ಕಿಣ್ವದ ಮಣೆಯ ಮೇಲೆ ಕೂತರಷ್ಟೇ ಅದಕ್ಕೆ ಕೈಯಾಡುತ್ತಿತ್ತು. ಒಂದು ದಿನ ಕಾರ್ಖಾನೆಯ ಕೊಳಚೆಯೊಡನೆ ಬಂದ ಕ್ಯಾಡ್ಮಿಯಂ ಎಂಬ ವಿಷಲೋಹ, "ನಾನು ಸತುವಿನ ದಾಯಾದಿ" ಎಂದಿತು. ಚಹರೆಯೂ ಹಾಗೇ ಇತ್ತು. ಕಿಣ್ವ ಮಣೆ ಕೊಟ್ಟಿತು. ಕೊಟ್ಟದ್ದೇ ತಡ, ಕೈ ಮರಗಟ್ಟಿತು. ಆಮೇಲೆ ಬಂದ ಸತು ಬಾಗಿಲಲ್ಲೇ ನಿಂತು ಹೊರಟುಹೋಯಿತು. ಕಿಣ್ವಕ್ಕೆ ತಲೆಬುಡ ಅರ್ಥವಾಗಲಿಲ್ಲ. ಮಣೆ ತುಂಬಿದೆ, ಕೆಲಸ ಮಾತ್ರ ಏಕೆ ಸಾಗುತ್ತಿಲ್ಲ? ಕೂತವರನ್ನು ಎಬ್ಬಿಸುವುದು ಆ ಮನೆಯ ರೀತಿಯಲ್ಲ.

"ತಾವು ಕೆಲಸಕ್ಕೆ ಕೈಹಾಕುವುದಿಲ್ಲವೇ?"

"ಕೂರಲು ಜಾಗ ಕೇಳಿದೆ, ಕೆಲಸ ಕೇಳಿದೆನೇ?"

ಅಷ್ಟರಲ್ಲಿ ಯಾರೋ ಪಾಚಿಯನ್ನು ಸಾರಿಗೆಂದು ಕಿತ್ತರು. "ಇನ್ನು ತಾವೆಲ್ಲಿಗೆ?" ಎಂದು ಕಿಣ್ವ ಗಾಬರಿಯಿಂದ ಕೇಳಿತು.

"ಉಣ್ಣುವವರ ಮೈಯೊಳಕ್ಕೆ. ಅಲ್ಲೂ ಸತುವಿಗೆಂದು ಮಣೆ ಹಾಕಿಟ್ಟಿರುತ್ತಾರೆ."