ಅಡುಗೆಮನೆಯ ಕಿಟಕಿಯಿಂದ ಕೇಳಿದ ಸ್ವರ

ಡೆನ್ಮಾರ್ಕ್ ದೇಶದಲ್ಲಿ ಆಸ್ಗರ್ ಎಂಬವನಿದ್ದ. ಓಬೋ ಎಂಬ ಊದುವ ವಾದ್ಯ ನುಡಿಸುತ್ತಿದ್ದ. ಊರೆಲ್ಲ ಅವನಿಗೆ ಚಪ್ಪಾಳೆ ತಟ್ಟುತ್ತಿತ್ತು. ತನ್ನ ವಾದನ ಒಂದು ದಿನವೂ ಹಿಡಿಸದೇ ಇದ್ದದ್ದು ಅವನೊಬ್ಬನಿಗೇ.

ಕಾರಣ ಇಷ್ಟೇ. ಹದಿನಾರನೇ ವಯಸ್ಸಿನಲ್ಲಿ, ಪಾಠ ಹೇಳಿಸಿಕೊಳ್ಳಲೆಂದು ಗುರು ಥೋರಾ ಅವರ ಮನೆಗೆ ಮೊದಲ ಸಲ ಹೋದಾಗ, ಅಡುಗೆಮನೆಯ ಕಿಟಕಿಯಿಂದ ಒಂದು ಸ್ವರ ಕೇಳಿತ್ತು. ಒಂದೇ ಒಂದು ನೀಳ ಸ್ವರ. ಬಾಗಿಲು ತಟ್ಟುವುದನ್ನೂ ಮರೆತು ಅವನು ಅಂಗಳದಲ್ಲೇ ನಿಂತುಬಿಟ್ಟಿದ್ದ.

ಆಮೇಲೆ ಏಳು ವರ್ಷ ಅಲ್ಲೇ ಕಲಿತ. ಥೋರಾ ಮತ್ತೆಂದೂ ಹಾಗೆ ನುಡಿಸಲಿಲ್ಲ. ಕೇಳಲು ಅವನಿಗೂ ಧೈರ್ಯ ಬರಲಿಲ್ಲ.

ಕಲಿತು ಮುಗಿಸಿ ರಾಜಧಾನಿಗೆ ಹೋದವನಿಗೆ ದೊಡ್ಡ ವಾದ್ಯವೃಂದದಲ್ಲಿ ಓಬೋ ವಾದಕರಲ್ಲಿ ಮುಖ್ಯನ ಕುರ್ಚಿಯೇ ಸಿಕ್ಕಿತು. ಕಛೇರಿಗೆ ಮುಂಚೆ ಓಬೋ ಒಂದು ಸ್ವರ ಹಿಡಿಯಬೇಕು, ಉಳಿದವರೆಲ್ಲ ಅದಕ್ಕೆ ಶ್ರುತಿ ಕೂಡಿಸಿಕೊಳ್ಳಬೇಕು. ಅಲ್ಲಿನ ಪದ್ಧತಿ ಅದು. ಎಂಬತ್ತು ಜನ ಮೂವತ್ತೇಳು ವರ್ಷ ಆಸ್ಗರನ ಸ್ವರಕ್ಕೆ ಶ್ರುತಿ ಸೇರಿಸಿದರು. ಪ್ರತಿ ಸಲವೂ ಅವನು, ಇದಲ್ಲ, ಇದಲ್ಲ ಎಂದು ಒಳಗೊಳಗೇ ಕೊರಗಿದ.

ಈಗ ಅವನಿಗೆ ಅರವತ್ತು. ತುಟಿಯ ಬಿಗಿ ಸಡಿಲಾಗುತ್ತಿತ್ತು. ಮುಂದಿನ ಶನಿವಾರ ಕೊನೆಯ ಕಛೇರಿ. ಅಷ್ಟರೊಳಗೆ ಆ ಸ್ವರ ಒಂದೇ ಒಂದು ಸಲ ತನ್ನ ಓಬೋದಲ್ಲಿ ಬರಬೇಕು. ಬೇರೆ ಏನೂ ಬೇಡ.

ರೈಲು ಹತ್ತಿ, ಕೊಲ್ಲಿಯ ದಡದಲ್ಲಿದ್ದ ಗುರುವಿನ ಮನೆಗೆ ಬಂದ.

ಥೋರಾ ಅವರಿಗೆ ಎಂಬತ್ತೆಂಟು. ಹಲ್ಲೆಲ್ಲ ಉದುರಿ, ಓಬೋ ನುಡಿಸುವುದು ಎಂದೋ ನಿಂತಿತ್ತು. ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

"ಏನೋ, ದಾರಿ ತಪ್ಪಿ ಬಂದೆಯಾ?"

"ಒಂದು ರೀಡು ಬೇಕಿತ್ತು ಗುರುಗಳೇ. ನಿಮ್ಮ ಕೈಯಿಂದ ಮಾಡಿದ್ದು."

ನಾಗಸ್ವರದ ಹಾಗೆ ಓಬೋಗೂ ಬಾಯಿಗಿಡುವ ತುದಿಯಲ್ಲಿ ಜೊಂಡಿನ ಪುಟ್ಟ ಪೀಪಿಯಿರುತ್ತದೆ. ಅದೇ ರೀಡು. ತನ್ನ ತುಟಿಗೆ ಹೊಂದುವಂತೆ ತಾನೇ ಹೆರೆದುಕೊಳ್ಳಬೇಕು ಎಂಬುದು ಥೋರಾ ಅವರ ಮನೆಯ ಕಟ್ಟಳೆ. ಇನ್ನೊಬ್ಬರ ರೀಡಿನಲ್ಲಿ ನುಡಿಸುವುದೆಂದರೆ ಇನ್ನೊಬ್ಬರ ಕನ್ನಡಕ ಹಾಕಿಕೊಂಡು ಓದಲು ಕೂತ ಹಾಗೆ. ಇದನ್ನು ಚೆನ್ನಾಗಿ ಬಲ್ಲ ಶಿಷ್ಯನೇ ಈಗ ಕೈಚಾಚಿ ನಿಂತಿದ್ದ.

"ಏಳು ವರ್ಷ ಇಲ್ಲಿದ್ದೆ. ಒಂದು ದಿನವಾದರೂ ಕೊಟ್ಟಿದ್ದೆನಾ?"

"ಇಲ್ಲ."

"ಮತ್ತೆ?"

"ಶನಿವಾರ ನನ್ನ ಕೊನೆಯ ಕಛೇರಿ. ಈಗ ಕೇಳದೆ ಇನ್ನು ಯಾವಾಗ ಕೇಳಲಿ?"

ಥೋರಾ ಅವನ ಮುಖವನ್ನೇ ನೋಡಿದರು. ಆಮೇಲೆ ಮೇಜಿನ ಖಾನೆಯಿಂದ ಚಾಕು ತೆಗೆದರು.

ಹೆರೆಯುವುದು ಅವರು, ಊದಿ ನೋಡುವುದು ಇವನು. ರೀಡನ್ನು ನೀರಿನಲ್ಲಿ ನೆನೆಸಿ, ಓಬೋಗೆ ಸಿಗಿಸದೆ ಬರಿದೇ ಊದಿದರೆ ಅದು ಕೂಗುತ್ತದೆ. ಆ ಕೂಗಿನಲ್ಲೇ ಅದರ ಹಣೆಬರಹ ತಿಳಿಯುತ್ತದೆ.

"ಬಾತುಕೋಳಿ," ಎಂದರು ಥೋರಾ. ಮತ್ತೆ ಹೆರೆದರು.

"ಈಗ ಅದಕ್ಕೆ ನೆಗಡಿ." ಮತ್ತೆ ಹೆರೆದರು.

ಹೀಗೆ ಎರಡು ದಿನ ಕಳೆಯಿತು. ಮೂರನೆಯ ದಿನ ಬೆಳಗ್ಗೆ ರೀಡು ಕೂಗಿದಾಗ ಅವರು ಏನೂ ಅನ್ನದೆ ಚಾಕು ಕೆಳಗಿಟ್ಟರು.

ಆಸ್ಗರ್ ಅದನ್ನು ಓಬೋಗೆ ಸಿಗಿಸಿದ. ಉಸಿರು ತುಂಬಿಕೊಂಡು ಒಂದು ಸ್ವರ ಹಿಡಿದ. ಉಸಿರು ಮುಗಿಯುವವರೆಗೂ ಹಿಡಿದ.

ಮುಗಿದಾಗ ಅವನ ಕಣ್ಣು ತುಂಬಿತ್ತು.

"ಬರಲಿಲ್ಲ ಗುರುಗಳೇ. ನಿಮ್ಮ ರೀಡಿನಲ್ಲೂ ಆ ಸ್ವರ ಬರಲಿಲ್ಲ."

"ಯಾವ ಸ್ವರ?"

ಅವನು ಹೇಳಿದ. ಅಂಗಳ, ಅಡುಗೆಮನೆಯ ಕಿಟಕಿ, ಹದಿನಾರನೇ ವಯಸ್ಸು, ಎಲ್ಲವನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿದ.

ಥೋರಾ ಚಾಕುವನ್ನು ಖಾನೆಗೆ ಸೇರಿಸಿದರು.

"ಆವತ್ತು ನಾನು ಅಳ್ತಿದ್ದೆ ಕಣೋ," ಎಂದರು. "ನನಗೆ ಪಾಠ ಹೇಳಿದ ಗುರುಗಳಿದ್ದರಲ್ಲ, ಅವರು ತೀರಿಕೊಂಡ ಮೇಲೆ ಅವರ ದನಿ ಬರಿಸಬೇಕು ಅಂತ ಇಪ್ಪತ್ತಾರು ವರ್ಷ ಒದ್ದಾಡಿದ್ದೆ. ಆವತ್ತು ಬಂತು ಅಂದ್ಕೊಂಡೆ, ಬರಲಿಲ್ಲ. ಇನ್ನು ನನ್ನ ಕೈಲಾಗದು ಅಂತ ಆ ರೀಡನ್ನ ಒಲೆಗೆ ಹಾಕಿಬಿಟ್ಟೆ. ಆಮೇಲೆ ನೀನು ಬಾಗಿಲು ತಟ್ಟಿದ್ದು."

ಆಸ್ಗರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಲವತ್ತನಾಲ್ಕು ವರ್ಷ ತಾನು ಹಂಬಲಿಸಿದ್ದು ಇವರು ಬೇಡವೆಂದು ಸುಟ್ಟು ಹಾಕಿದ್ದಕ್ಕೆ!

"ಹಾಗಾದರೆ ಶನಿವಾರ ನಾನೇನು ನುಡಿಸಲಿ ಗುರುಗಳೇ?"

"ಶನಿವಾರದ ಮಾತು ಆಮೇಲೆ. ಈಗ ನುಡಿಸಿದೆಯಲ್ಲ, ಅದನ್ನ ಇನ್ನೊಮ್ಮೆ ನುಡಿಸು."

"ಅದು ಸರಿ ಬರಲಿಲ್ಲ ಅಂದೆನಲ್ಲ."

ಥೋರಾ ಕಣ್ಣು ಮುಚ್ಚಿಕೊಂಡು ಕುರ್ಚಿಗೆ ಒರಗಿದರು.

"ನನ್ನ ಗುರುಗಳ ದನಿ ಅದು. ಕೇಳಿ ಎಪ್ಪತ್ತು ವರ್ಷವಾಯ್ತು. ನುಡಿಸಪ್ಪ."