ಮಾಸಲಗೇರಿಯ ಶಿಖರಬಾವಿ

ಮಾಸಲಗೇರಿಯಲ್ಲಿ ಬಸ್ಸಿಳಿದ ಕೂಡಲೇ ಕಾಣುವುದು ನೆತ್ತಿಯಿಲ್ಲದ ಗುಡಿ. ಕರಿಗಲ್ಲಿನ ಗೋಡೆ, ಮುಖ ಕಾಣುವಷ್ಟು ನಯವಾದ ಕಂಬ, ಬಾಗಿಲವಾಡದ ತುಂಬ ಕೆತ್ತಿದ ಬಳ್ಳಿ, ಎಲ್ಲ ಇದೆ. ಮೇಲೆ ಶಿಖರ ಮಾತ್ರ ಇಲ್ಲ. ಬಂದವರು "ಪಾಪ, ಯಾವ ದಂಡು ಬಂದು ಕೆಡವಿತೋ" ಎಂದು ಲೊಚಗುಟ್ಟಿ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮೂರ ಗುಡಿಯನ್ನು ಯಾರೂ ಕೆಡವಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಹಾಳುಗುಡಿಗಳಿವೆ, ಮೆಟ್ಟಿಲುಬಾವಿಗಳೂ ಇವೆ, ಬೇಡವೆನ್ನುವುದಿಲ್ಲ. ಆದರೆ ಶಿಖರವನ್ನು ಮುಗಿಲಿಗೆ ಏರಿಸದೆ ನೆಲಕ್ಕೆ ಇಳಿಸಿದ ಊರು ಇದೊಂದೇ. ಗುಡಿಯ ಹಿಂದೆ ನೂರು ಹೆಜ್ಜೆ ನಡೆದರೆ ಚೌಕನೆಯ ಬಾವಿ ಸಿಗುತ್ತದೆ. ನಾಲ್ಕೂ ಕಡೆ ಮೆಟ್ಟಿಲು, ಇಳಿದಂತೆಲ್ಲ ಕಿರಿದಾಗುವ ಅಂತಸ್ತುಗಳು. ಅದೇ ಶಿಖರಬಾವಿ. ಆಳದಲ್ಲಿರುವ ಬಾವಿಗೆ ಶಿಖರದ ಹೆಸರು ಹೇಗೆ ಬಂತೆಂದು ನನ್ನಷ್ಟು ಚೆನ್ನಾಗಿ ಹೇಳಬಲ್ಲವರು ಊರಲ್ಲಿ ಇನ್ನೊಬ್ಬರೇ, ನನ್ನ ಅಜ್ಜಿ ದ್ಯಾಮವ್ವ. ನಾನು ಕೇಳಿದ್ದೂ ಅವಳ ಬಾಯಿಂದಲೇ.

ಹಿಂದೆ, ಈ ಸೀಮೆಯಲ್ಲಿ ಊರಿಗೊಬ್ಬ ಗಾವುಂಡ ಆಳುತ್ತಿದ್ದಾಗ, ನಮ್ಮೂರಲ್ಲಿ ಒಂದೇ ಬೇಸಿಗೆಯಲ್ಲಿ ಎರಡು ಕೆಲಸ ನಡೆದಿದ್ದವು, ಗುಡಿ ಮತ್ತು ಬಾವಿ. ಹಳೆಯ ಬಾವಿಯ ನೀರು ಉಪ್ಪಾಗಿ, ಹೆಂಗಸರು ಸಿಹಿನೀರಿಗೆ ಎರಡು ಹರದಾರಿ ನಡೆಯುತ್ತಿದ್ದ ಕಾಲ ಅದು. ಗುಡಿಯ ಕೆಲಸ ಕೇತೋಜ ಎಂಬ ರೂವಾರಿಯದು, ಕಲ್ಲು ಕೆತ್ತುವ ಶಿಲ್ಪಿಯದು. ಅವನು ಕೆತ್ತಿದ ಹಂಸದ ಕತ್ತಿನ ಮೇಲೆ ಬೆರಳಾಡಿಸಿದರೆ ಗರಿಗಳನ್ನು ಎಣಿಸಬಹುದಿತ್ತು ಎನ್ನುತ್ತಾರೆ. ರೂವಾರಿಗಳ ಕುಲದ ಕಟ್ಟಳೆ ಬಿಗಿಯಾದದ್ದು: ಗುಡಿಗೆ ಕಳಸ ಏರಿದ ಮೇಲಷ್ಟೇ ರೂವಾರಿ ತನ್ನ ಹೆಸರನ್ನು ಕಲ್ಲಿನಲ್ಲಿ ಕೊರೆಯಬೇಕು. ಮೂವತ್ತು ವರ್ಷ ಬೇರೆಯವರ ಕೈಕೆಳಗೆ ದುಡಿದ ಕೇತೋಜನಿಗೆ ತನ್ನದೆನ್ನುವ ಗುಡಿ ಇದೇ ಮೊದಲು. ಕೈ ಆಗಲೇ ನಡುಗತೊಡಗಿದ್ದರಿಂದ ಇದೇ ಕೊನೆಯದೂ ಆಗಿತ್ತು. ಶಿಖರದ ಕಲ್ಲುಗಳನ್ನೆಲ್ಲ ಕೆತ್ತಿ ಮುಗಿಸಿ, ಗಾರೆಯಿಲ್ಲದೆ ಒಂದಕ್ಕೊಂದು ಕೂಡುವಂತೆ ಅಂಗಳದಲ್ಲಿ ಅಂತಸ್ತು ಅಂತಸ್ತಾಗಿ ಹೊಂದಿಸಿಟ್ಟಿದ್ದ. ಮೇಲೇರಿಸುವುದೊಂದೇ ಬಾಕಿ.

ಬಾವಿಯ ಕೆಲಸ ಮಣ್ಣು ಅಗೆಯುವವರ ಹಿರಿಯಳಾದ ಸಿರಿಯವ್ವೆಯದು. ದೇವರ ಕಲ್ಲು ಸಾಗಿದ ಮೇಲೆ ಉಳಿದವರ ಕಲ್ಲು ಎಂಬುದು ನಮ್ಮವರ ಪದ್ಧತಿ. ಹಾಗಾಗಿ ಗಾಡಿಗಳೆಲ್ಲ ಗುಡಿಗೇ ತಿರುಗಿದವು, ಬಾವಿಯ ಕಲ್ಲು ಮೂರು ದಿನದ ದಾರಿಯ ಗಣಿಯಲ್ಲೇ ಉಳಿಯಿತು. ನಮ್ಮ ಸೀಮೆಯ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಬಂಡೆಯಂತೆ ನಿಲ್ಲುತ್ತದೆ. ಅದನ್ನು ನಂಬಿ, ಕಲ್ಲು ಕಟ್ಟದೆಯೇ, ಮೆಟ್ಟಿಲು ಮೆಟ್ಟಿಲಾಗಿ ಆಳಕ್ಕೆ ತೋಡಿಬಿಟ್ಟರು. ಸಿಹಿನೀರು ಚಿಮ್ಮಿತು, ಊರೆಲ್ಲ ಕುಣಿಯಿತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಪಡುವಣದಲ್ಲಿ, ಹದಿನೈದು ದಿನ ಮೊದಲೇ, ಮುಂಗಾರಿನ ಮೋಡ ಕಟ್ಟಿತು. ನೀರು ಕುಡಿದ ಎರೆ ಉಬ್ಬಿ ಜಾರುತ್ತದೆ. ಬರಿಮಣ್ಣಿನ ಬಾವಿ ಒಂದು ಮಳೆಗೂ ನಿಲ್ಲುವುದಿಲ್ಲ.

ಸಿರಿಯವ್ವೆ ಮಣ್ಣುಗೈಯಲ್ಲೇ ಗುಡಿಯ ಅಂಗಳಕ್ಕೆ ಬಂದಳು. ಅಳತೆಗೋಲು ಹಿಡಿದು ಶಿಖರದ ಕೆಳಗಿನ ಅಂತಸ್ತನ್ನು ಅಳೆದಳು, ಆಮೇಲೆ ಅದರ ಮೇಲಿನದನ್ನು.

"ಏನವ್ವಾ, ನನ್ನ ಶಿಖರದ ಮ್ಯಾಲೆ ಕಣ್ಣು ಬಿತ್ತೇನು? ನಿನ್ನ ಗುದ್ದಲಿಗೆ ಕಳಸ ಇಡಬೇಕಾಗೇತೇನು?" ಎಂದು ಕೇತೋಜ ನಕ್ಕ.

"ನನ್ನ ಕಣ್ಣು ಮೋಡದ ಮ್ಯಾಲೈತಿ, ಓಜಪ್ಪ. ನಿನ್ನ ಶಿಖರ ಮ್ಯಾಲಕ್ಕ ಹೋದಂಗ ಸಣ್ಣದಾಗತೈತಿ, ನಮ್ಮ ಬಾವಿ ಕೆಳಕ್ಕ ಹೋದಂಗ ಸಣ್ಣದಾಗತೈತಿ. ನಿನ್ನದರ ಬುಡ, ನಮ್ಮದರ ಬಾಯಿ, ಎರಡೂ ಹನ್ನೊಂದು ಕೋಲು ಅಗಲ, ತಲೆಕೆಳಗ ಇಳಿಸಿದ್ರ ಕೂಡತಾವು. ದೇವರು ಒಂದು ಮಳಿಗಾಲ ನೆನದಾನು. ಬಾವಿ ಕುಸಿದ್ರ ಮತ್ತ ಏಳಂಗಿಲ್ಲ."

ಕೇತೋಜನ ನಗು ನಿಂತಿತು. "ಇದರಾಗ ದೇವರದಾನ, ಹಂಸ ಅದಾವು. ಮಂದಿ ಕಾಲಿಟ್ಟು ತುಳೀಬೇಕೇನು?"

"ಅದಕ್ಕ ದಾರಿ ನೀನ ಹುಡುಕು. ನೀ ದೊಡ್ಡ ರೂವಾರಿ, ನಿನ್ನ ಹತ್ರ ಇರಬೇಕು" ಎಂದವಳೇ ಸಿರಿಯವ್ವೆ ಹೊರಟುಹೋದಳು.

ಕೇತೋಜ ಕಲ್ಲುಗಳ ನಡುವೆ ಕುಳಿತು ಒಂದೊಂದರ ಹಿಂಬದಿಯನ್ನೂ ಸವರಿ ನೋಡಿದ. ಆಮೇಲೆ ಎದ್ದು ಬಾವಿಗೆ ಹೋಗಿ, ತಳಕ್ಕಿಳಿದು, ಬೊಗಸೆಯಲ್ಲಿ ನೀರು ಕುಡಿದ. ಮೇಲೆ ಬಂದವನು ಹೇಳಿದ್ದು ಎರಡೇ ಮಾತು: "ಹಗ್ಗ ತರ್ರಿ." ಊರಿಗೆ ಊರೇ ಕಲ್ಲಿಗೆ ಹೆಗಲು ಕೊಟ್ಟಿತು. ಕಳಸ ಎಲ್ಲಕ್ಕಿಂತ ಕೆಳಗೆ, ನೀರು ಚಿಮ್ಮುವ ಊಟೆಯ ಪಕ್ಕದಲ್ಲಿ ಕೂತಿತು. ಅದರ ಮೇಲೆ ಶಿಖರದ ತುದಿಯ ಕಿರಿಯ ಅಂತಸ್ತು, ಹೀಗೆ ಒಂದೊಂದೇ ಏರುತ್ತ ಹನ್ನೊಂದು ಕೋಲಿನ ಬುಡದ ಅಂತಸ್ತು ನೆಲದ ಮಟ್ಟಕ್ಕೆ ಬಂತು. ಕೆತ್ತನೆಯ ಮುಖವನ್ನೆಲ್ಲ ಮಣ್ಣಿನ ಕಡೆಗೆ ತಿರುಗಿಸಿ, ಕಲ್ಲಿನ ಬರಿಯ ಬೆನ್ನನ್ನು ಮನುಷ್ಯರ ಕಾಲಿಗೆ ಕೊಟ್ಟ. ಕೊನೆಯ ಕಲ್ಲು ಕೂತದ್ದಕ್ಕೂ ಮೊದಲ ಹನಿ ಬಿದ್ದದ್ದಕ್ಕೂ ನಡುವೆ ಕೈ ತೊಳೆಯುವಷ್ಟು ಹೊತ್ತೂ ಇರಲಿಲ್ಲವಂತೆ. ಎಂಟು ದಿನ ಮಳೆ ಹುಯ್ದಿತು. ಎರೆ ಉಬ್ಬಿ ಒತ್ತಿತು, ಶಿಖರ ಅಲುಗಲಿಲ್ಲ.

ಮಳೆ ನಿಂತ ಬೆಳಿಗ್ಗೆ ಸಿರಿಯವ್ವೆ ಅವನನ್ನು ಬಾವಿಯ ದಂಡೆಗೆ ಕರೆದಳು. ನೀರು ತಿಳಿಯಾಗಿತ್ತು. ತಲೆಕೆಳಗಾದ ಅಂತಸ್ತುಗಳು ಅದರಲ್ಲಿ ಮತ್ತೆ ತಿರುಗಿ, ಅಗಲವಾದದ್ದು ಕೆಳಗೆ, ಕಿರಿದಾದದ್ದು ಮೇಲೆ, ಶಿಖರ ನೆಟ್ಟಗೆ ನಿಂತಿತ್ತು.

"ಏರೈತಿ ನೋಡು, ಓಜಪ್ಪ. ಇನ್ನ ನಿನ್ನ ಹೆಸರು ಕೊರಿ."

ಅಷ್ಟರಲ್ಲಿ ಯಾರೋ ಕೊಡ ಅದ್ದಿದರು, ಶಿಖರ ಚೂರುಚೂರಾಯಿತು. ಕೊಡ ಎತ್ತಿದ ಮೇಲೆ ಮತ್ತೆ ನಿಂತಿತು. ಕೇತೋಜ ಅದನ್ನೇ ನೋಡುತ್ತಿದ್ದು, ಕೈಯಲ್ಲಿದ್ದ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಇದನ್ನ ದಿನಾ ಕೆಡವಿ ದಿನಾ ಎಬ್ಬಸವರು ನೀವು. ನನ್ನ ಹೆಸರ್ಯಾಕ?" ಎಂದನಂತೆ.

ಶಾಸನ ಓದುವವರು ಬಂದು ಗುಡಿಯಲ್ಲಿ, ಬಾವಿಯಲ್ಲಿ ಹೆಸರು ಹುಡುಕಿ ಬರಿಗೈಯಲ್ಲಿ ಹೋಗಿದ್ದಾರೆ. ಒಂದು ಕಲ್ಲು ಕಿತ್ತು ನೋಡುತ್ತೇವೆಂದರು. ನಮ್ಮ ಹಿರಿಯರು ಬಿಡಲಿಲ್ಲ. ಗುಡಿಗೆ ಇಂದಿಗೂ ಶಿಖರ ಕಟ್ಟಿಲ್ಲ, ಕಟ್ಟುವುದೂ ಇಲ್ಲ. ನಮ್ಮೂರ ಹೆಂಗಸರು ಈಗಲೂ ಕೊಡ ಅದ್ದುವ ಮೊದಲು ನೀರು ನಿಲ್ಲುವವರೆಗೆ ಕಾಯುತ್ತಾರೆ. ನೀವು ಬಂದರೆ ಬೆಳಗಿನ ಹೊತ್ತಿಗೆ ಬನ್ನಿ. ಮೂಡಣ ಮಗ್ಗುಲಿನ ಮೂರನೆಯ ಮೆಟ್ಟಿಲಿನ ಮೂಲೆಯಲ್ಲಿ ಮಣ್ಣು ಕೊಚ್ಚಿಹೋಗಿ ಒಂದು ಸಂದಿಯಾಗಿದೆ. ಅದರೊಳಗೆ ಕೈ ತೂರಿಸಿ ಕಲ್ಲಿನ ಹಿಂಬದಿಗೆ ಬೆರಳು ಮಡಚಿದರೆ ಹಂಸದ ಕತ್ತು ಸಿಗುತ್ತದೆ. ಗರಿಗಳನ್ನು ಎಣಿಸಿ ನೋಡಿ. ನಾನು ಹನ್ನೆರಡರವರೆಗೆ ಎಣಿಸಿದ್ದೇನೆ. ಅಲ್ಲಿಂದ ಮುಂದೆ ನನ್ನ ಕೈ ಹೋಗುವುದಿಲ್ಲ, ಗರಿಗಳು ಹೋಗುತ್ತವೆ.